ಕಾಮಾಕುರದ ಬಾಗಿಲು

ಸಾಗರ
14 ನವೆಂಬರ್ 2024

ಅಮ್ಮಾ,

ಎರಡು ವಾರದಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೆ. ಸ್ವಿಚ್ ಆಫ್. ಚಾರ್ಜಿಲ್ಲ ಅಂದುಕೊಂಡೆ, ಆಮೇಲೆ ಮೇಳಿಗೆಯಲ್ಲಿ ಸಿಗ್ನಲ್ ಇಲ್ಲವೇನೋ ಅಂದುಕೊಂಡೆ. ಭಾನುವಾರ ಡ್ಯೂಟಿ ಬದಲಾಯಿಸಿಕೊಂಡು ಹೊಸನಗರದಲ್ಲಿ ಬಸ್ಸಿಳಿದು ಹಳ್ಳಿಗೆ, ಮನೆಗೆ ಹೋದರೆ ನಿನ್ನ ಫೋನು ದೇವರ ಗೂಡಿನ ಪಕ್ಕದಲ್ಲೇ ಕೂತಿದೆ. ಚಾರ್ಜರಿನ ವೈರನ್ನು ನೀಟಾಗಿ ಸುತ್ತಿಟ್ಟಿದ್ದೀಯ. ಮರೆತು ಹೋದವರು ವೈರು ಸುತ್ತಿಡುವುದಿಲ್ಲ, ಅಲ್ಲವಾ?

ನಿನ್ನ ಎಂ.ಎ. ಪರೀಕ್ಷೆಯ ಸೆಂಟರು ತೀರ್ಥಹಳ್ಳಿ, ಹತ್ತಿರವಾಗುತ್ತದೆ ಅಂತ ಮೇಳಿಗೆಯ ಶೇಷಮ್ಮಜ್ಜಿಯ ಮನೆಯಲ್ಲಿ ಉಳಿಯುತ್ತೇನೆ ಅಂದಿದ್ದೆ. ಸರಿ. ಪರೀಕ್ಷೆ ಮುಗಿಯಿತು, ದೀಪಾವಳಿಯೂ ಮುಗಿಯಿತು. ಅಪ್ಪ ಒಬ್ಬರೇ ಗೋಪೂಜೆ ಮಾಡಿದರಂತೆ. ನನಗೆ ಆಸ್ಪತ್ರೆಯಲ್ಲಿ ಹಬ್ಬದ ಡ್ಯೂಟಿ ಬಿದ್ದಿತ್ತು, ಇಲ್ಲದಿದ್ದರೆ ನಾನಾದರೂ ಇರುತ್ತಿದ್ದೆ. ಹೊಸನಗರದ ಪಂಪ್‌ಸೆಟ್ ಅಂಗಡಿಯಿಂದ ಬರುವಾಗ ಅಪ್ಪ ಹೋಟೆಲಿನ ಚಪಾತಿ ಕಟ್ಟಿಸಿಕೊಂಡು ಬರುತ್ತಾರೆ. ಎರಡು ತಿಂದು ಉಳಿದದ್ದನ್ನು ದನಕ್ಕೆ ಹಾಕುತ್ತಾರೆ.

ಅಪ್ಪ ನಿನ್ನನ್ನು ತುಂಬಾ ನೆನೆಸಿಕೊಳ್ಳುತ್ತಿದ್ದಾರೆ. ದಯವಿಟ್ಟು ಬೇಗ ಬಾ ಎಂದು ಹೇಳಿದ್ದಾರೆ. ಫೋನಿಲ್ಲದ ಮೇಲೆ ಕಾಗದ ಬರೆಯದೆ ಗತಿಯಿಲ್ಲವಲ್ಲ, ಬರೆದಿದ್ದೇನೆ. ಯಾವ ಬಸ್ಸಿಗೆ ಬರುತ್ತೀ ತಿಳಿಸು.

ಏನೂ ಅರ್ಥವಾಗದೆ ಕೂತಿರುವ,
ಸುಪ್ರಿಯಾ


ಮೇಳಿಗೆ
20 ನವೆಂಬರ್ 2024

ಸುಪ್ರೀ,

ನಿನ್ನ ಅಕ್ಷರ ಇಷ್ಟು ಕೆಟ್ಟಿದೆ ಅಂತ ಗೊತ್ತಿರಲಿಲ್ಲ. ನರ್ಸುಗಳಿಗೂ ಡಾಕ್ಟರುಗಳ ರೋಗ ಬರುತ್ತದೇನೋ. ಆದರೂ ಮೂರು ಸಲ ಓದಿದೆ.

ಪರೀಕ್ಷೆ ಪರವಾಗಿಲ್ಲ. ಜಪಾನಿನ ಪೇಪರು ಮಾತ್ರ ಕೈಕೊಟ್ಟಿತು. 'ಊಳಿಗಮಾನ್ಯ ಜಪಾನಿನ ಸಮಾಜದಲ್ಲಿ ರೈತರ ಸ್ಥಾನ' ಎಂದು ಒಂದು ಪ್ರಶ್ನೆ ಇತ್ತು. ಪುಸ್ತಕದಲ್ಲಿದ್ದುದು ನೆನಪಿತ್ತು: ಮೇಲೆ ಸಮುರಾಯ್ ಯೋಧರು, ಅವರ ಕೆಳಗೆ ರೈತರು, ಆಮೇಲೆ ಕುಶಲಕರ್ಮಿಗಳು, ಕೊನೆಗೆ ವ್ಯಾಪಾರಿಗಳು. ರೈತನಿಗೆ ಎರಡನೇ ಸ್ಥಾನ, ಏಕೆಂದರೆ ಅಕ್ಕಿ ಬೆಳೆಯುವವನು ಅವನು. ಯಾವ ಒಡೆಯ ಎಷ್ಟು ದೊಡ್ಡವನು ಎಂದು ಅಳೆಯುತ್ತಿದ್ದುದೇ ಅವನ ಸೀಮೆಯಲ್ಲಿ ಬೆಳೆಯುವ ಅಕ್ಕಿಯ ಲೆಕ್ಕದಲ್ಲಿ. ಬೆಳೆದವನು ಮಾತ್ರ ಭೂಮಿ ಬಿಟ್ಟು ಹೋಗುವ ಹಾಗಿಲ್ಲ. ಅಕ್ಕಿ ಒಡೆಯನಿಗೆ ಅಳೆದುಕೊಟ್ಟು ಬಾರ್ಲಿ, ನವಣೆ ತಿನ್ನಬೇಕು. ಅಲ್ಲಿಯವರೆಗೆ ಸರಿಯಾಗಿ ಬರೆದೆ. ಆಮೇಲೆ ನನ್ನ ಅತ್ತೆ, ನಿನ್ನ ಗುತ್ಯಮ್ಮಜ್ಜಿ ನೆನಪಾದಳು. ಗೇಣಿ ಭತ್ತವನ್ನು ಒಡೆಯರ ಅಂಗಳಕ್ಕೆ ಹೊತ್ತುಹಾಕಿ ಬಂದು ನುಚ್ಚಿನ ಗಂಜಿ ಕಾಯಿಸಿದ್ದನ್ನು ಅವಳು ಹೇಳುತ್ತಿದ್ದಳಲ್ಲ, ಅದನ್ನೇ ಒಂದು ಪುಟ ಬರೆದುಬಿಟ್ಟೆ. ಯಾಕೆ ಬರೆದೆನೋ ಗೊತ್ತಿಲ್ಲ. ನೋಡಿದವರು ನಕ್ಕಿರುತ್ತಾರೆ.

ಫೋನು ಬೇಕೆಂದೇ ಬಿಟ್ಟು ಬಂದೆ. ಫೋನಿನಲ್ಲಾದರೆ ನೀನು ಮಾತಾಡುತ್ತಿರುವಾಗ ನಿನ್ನ ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ. 'ತಡಿ ಅಮ್ಮ, ಅಪ್ಪ ಏನೋ ಕೇಳ್ತಿದಾರೆ' ಅನ್ನುತ್ತೀ.

ಇನ್ನೊಂದು ವಿಷಯ. 'ದಯವಿಟ್ಟು' ಎನ್ನುವ ಶಬ್ದವನ್ನು ನಿನ್ನ ಅಪ್ಪ ಬ್ಯಾಂಕಿನ ಮ್ಯಾನೇಜರಿಗೂ ಹೇಳಿದವರಲ್ಲ. ಅವರು ನಿಜವಾಗಿ ಏನೆಂದರು? ಅವರು ಅಂದ ಮಾತನ್ನೇ, ಅಂದ ಹಾಗೇ ಬರಿ.

ಬೇಗ ಬರುವುದರ ಬಗ್ಗೆ ಏನೂ ಬರೆಯಲಾರದ,
ನಿನ್ನ ಅಮ್ಮ


ಸಾಗರ
1 ಡಿಸೆಂಬರ್ 2024

ಅಮ್ಮಾ,

ಸರಿ, ಅಂದ ಹಾಗೇ ಬರೆಯುತ್ತೇನೆ. ಅಪ್ಪ ಟೀವಿಯಲ್ಲಿ ನ್ಯೂಸ್ ನೋಡುತ್ತಿದ್ದರು. ನಾನು ಹೊರಡಲು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಟೀವಿಯಿಂದ ಕಣ್ಣು ತೆಗೆಯದೆ ಹೇಳಿದರು: "ನಿನ್ನ ಅಮ್ಮಂಗೆ ಕೇಳು, ಪರೀಕ್ಷೆ ಮುಗ್ದು ಎಷ್ಟ್ ದಿನ ಆತು ಅಂತ."

ಅಷ್ಟೇ. ನಿನ್ನ ಕಾಗದ ಬಂದ ಮೇಲೆ ಮತ್ತೆ ಹೋಗಿದ್ದೆ. ಜಪಾನಿನ ಪೇಪರು ಕಷ್ಟವಾಯಿತಂತೆ ಎಂದೆ. "ಜಪಾನ್ ಓದಿ ಎಂಥ ಮಾಡ್ತಾಳಂತೆ ಕೇಳು" ಅಂದರು. ಇದೂ ಅಂದ ಹಾಗೇ.

ಈಗ ನಾನೊಂದು ಕೇಳುತ್ತೇನೆ, ನನ್ನದೇ. ನಮ್ಮ ವಾರ್ಡಿಗೆ ವಾರಕ್ಕೊಬ್ಬಳಾದರೂ ಬರುತ್ತಾಳೆ, ತುಟಿ ಒಡೆದುಕೊಂಡು, ಕೈ ಮುರಿಸಿಕೊಂಡು. ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಾಳೆ. ನಾವು ಹಾಗೇ ಬರೆದುಕೊಳ್ಳುತ್ತೇವೆ. ಅಪ್ಪ ಒಂದು ದಿನವೂ ನಿನ್ನ ಮೇಲೆ ಕೈ ಎತ್ತಿದ್ದು ನಾನು ನೋಡಿಲ್ಲ. ಕುಡಿದು ಬಂದದ್ದು ನೋಡಿಲ್ಲ. ನೀನು ಎಂ.ಎ. ಕಟ್ಟುತ್ತೇನೆ ಅಂದಾಗ ಬೇಡ ಅನ್ನಲಿಲ್ಲ. ನೀವಿಬ್ಬರೂ ಜಗಳ ಆಡಿದ್ದೂ ನನಗೆ ನೆನಪಿಲ್ಲ. ಹಾಗಿದ್ದರೆ ಅವರು ಮಾಡಿದ್ದಾದರೂ ಏನು? ನಿನಗೆ ಮೈಯಲ್ಲಿ ಹುಷಾರಿಲ್ಲವಾ? ಏನಾದರೂ ಇದ್ದರೆ ನನ್ನ ಹತ್ತಿರ ಮುಚ್ಚಿಡಬೇಡ, ಇಲ್ಲಿ ಲೇಡಿ ಡಾಕ್ಟರು ಒಳ್ಳೆಯವರಿದ್ದಾರೆ.

ನಿನ್ನ ಕಾಗದ ಓದಿದರೆ ನೀನು ಸಿಟ್ಟಿನಲ್ಲಿದ್ದೀಯೋ, ಬೇಜಾರಿನಲ್ಲಿದ್ದೀಯೋ, ಆರಾಮಾಗಿದ್ದೀಯೋ ಒಂದೂ ತಿಳಿಯುವುದಿಲ್ಲ.

ಸುಪ್ರಿಯಾ


ಮೇಳಿಗೆ
9 ಡಿಸೆಂಬರ್ 2024

ಸುಪ್ರೀ,

ಮೈ ಹುಷಾರಾಗಿದೆ. ಶೇಷಮ್ಮ ಚಿಕ್ಕಮ್ಮ ಬೆಳಿಗ್ಗೆ ದೋಸೆ ಹಾಕಿ ಎದುರಿಗೆ ಕೂತು, "ಇನ್ನೊಂದು ತಿನ್ನು, ಮೂಳೆ ಕಾಣ್ತಾವೆ" ಅನ್ನುತ್ತಾಳೆ. ನೋಡು, ಅಷ್ಟಕ್ಕೇ ಮೊದಮೊದಲು ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ನನ್ನ ಮುಖ ನೋಡಿ ಹೇಳುತ್ತಾಳಲ್ಲ.

ನಿನ್ನ ಅಪ್ಪ ಮಾಡಿದ್ದೇನು ಎಂದು ಕೇಳಿದ್ದೀಯ. ಏನೂ ಮಾಡಿಲ್ಲ. ನನ್ನ ಜೊತೆ ಮಾತಾಡಿಲ್ಲ, ಅಷ್ಟೇ.

ನಿನಗೆ ಇದು ಗೊತ್ತೇ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ಆದರೆ ನಿನಗಿದು ಮನೆಯ ರೂಢಿ. 'ನಿನ್ನ ಅಮ್ಮಂಗೆ ಹೇಳು' ಎಂದರೆ ಹೇಳುತ್ತಿದ್ದೆ, ನಾನು ಅಂದದ್ದನ್ನು ಅಲ್ಲಿಗೆ ಒಯ್ಯುತ್ತಿದ್ದೆ. ನೀನಿಲ್ಲದಾಗ ಗುತ್ಯಮ್ಮಜ್ಜಿ ಒಯ್ಯುತ್ತಿದ್ದಳು. ನೀನು ಪಿಯುಸಿಯಲ್ಲಿದ್ದಾಗ ಶುರುವಾದದ್ದು. ಅವರಾಗ ಪಂಚಾಯ್ತಿ ಮೆಂಬರು. ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಕೇರಿಯ ಟ್ಯಾಂಕಿಗೆ ನೀರು ಬಿಡಿಸಿ ಆಗಿದೆ ಎಂದರು. ನಾನು ಹೆಂಗಸರ ಮಧ್ಯದಿಂದ, "ಎಲ್ಲಿ ಬಂದೈತೆ? ಬೇಕಾರೆ ಬಂದು ನೋಡಿ" ಎಂದುಬಿಟ್ಟೆ. ಜನ ನಕ್ಕರು. ಆ ಸಂಜೆ ನಿನ್ನನ್ನು ಕರೆದು, ನಿನ್ನ ಅಮ್ಮಂಗೆ ಹೇಳು ಊಟಕ್ಕೆ ಹಾಕಲಿ ಎಂದರು. ಅವತ್ತಿನಿಂದ ಇವತ್ತಿನವರೆಗೂ ಹಾಗೇ.

ನೀನು ಸಾಗರಕ್ಕೆ ಹೋದೆ, ಅಜ್ಜಿ ತೀರಿಹೋದಳು. ಆಮೇಲೆ ಮಾತು ಒಯ್ಯುವವರು ಯಾರೂ ಉಳಿಯಲಿಲ್ಲ. ಒಂದು ದಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ಅವರು ಬಾಯಿಗಿಟ್ಟು, ಅಂಗಳದಲ್ಲಿ ಮಲಗಿದ್ದ ನಾಯಿಯ ಕಡೆ ತಿರುಗಿ, "ಉಪ್ಪಿಲ್ಲ" ಎಂದರು. ನಾನು ಉಪ್ಪಿನ ಡಬ್ಬ ತಂದಿಟ್ಟೆ. ನಾಯಿ ನನ್ನನ್ನೇ ನೋಡುತ್ತಿತ್ತು.

ಅದೇ ವಾರ ಜಪಾನಿನ ಪಾಠ ಓದುತ್ತಿದ್ದೆ. ಎದೋ ಎನ್ನುವ ನಗರದಲ್ಲಿ ಷೋಗನ್, ದೇಶವನ್ನೇ ಆಳುವ ದೊಡ್ಡ ದಂಡನಾಯಕ. ಸೀಮೆಯ ಒಡೆಯರೆಲ್ಲ ವರ್ಷ ಬಿಟ್ಟು ವರ್ಷ ಅವನ ಊರಿಗೆ ಬಂದಿರಬೇಕು. ಹೆಂಡತಿ ಮಕ್ಕಳು ಮಾತ್ರ ಯಾವಾಗಲೂ ಅಲ್ಲೇ, ಒತ್ತೆಯಾಳುಗಳ ಹಾಗೆ. ಗಂಡ ಒಂದು ವರ್ಷ ಬರುತ್ತಾನೆ, ಒಂದು ವರ್ಷ ಇಲ್ಲ. ಬಂದ ವರ್ಷ ಅವರು ಏನು ಮಾತಾಡಿಕೊಳ್ಳುತ್ತಿದ್ದರೋ ಎಂದು ಯೋಚಿಸುತ್ತಾ ಅನ್ನ ಸೀಯಿಸಿದೆ.

ಅದೇ ಪಾಠದ ಕೊನೆಗೆ ಒಂದು ದೇವಸ್ಥಾನದ ವಿಷಯವಿದೆ. ಕಾಮಾಕುರ ಎನ್ನುವ ಊರು, ಸನ್ಯಾಸಿನಿಯರ ಮಠ. ಆಗ ಮದುವೆಯಿಂದ ಬಿಡುಗಡೆ ಕೊಡುವ ಹಕ್ಕು ಗಂಡಸಿಗೆ ಮಾತ್ರ. ಆದರೆ ಗಂಡನ ಮನೆಯಿಂದ ಓಡಿಬಂದ ಹೆಂಗಸು ಆ ಬಾಗಿಲು ದಾಟಿಬಿಟ್ಟರೆ ಯಾರೂ ಅವಳನ್ನು ಎಳೆದೊಯ್ಯುವ ಹಾಗಿರಲಿಲ್ಲ. ಹಿಂದೆ ಅಟ್ಟಿಸಿಕೊಂಡು ಬಂದರೆ ಕಾಲಿನ ಚಪ್ಪಲಿಯನ್ನು ಬಾಗಿಲೊಳಗೆ ಎಸೆದರೂ ಸಾಕಿತ್ತಂತೆ, ಅವಳೇ ಒಳಗೆ ಬಂದ ಹಾಗೆ. ಕೆಲವು ವರ್ಷ ಅಲ್ಲಿದ್ದು ಸೇವೆ ಮಾಡಿದರೆ ಅವಳಿಗೆ ಬಿಡುಗಡೆ.

ನಾನು ಅಂಥವಳು ಎಂದು ಹೇಳುತ್ತಿಲ್ಲ. ನನ್ನನ್ನು ಯಾರೂ ಅಟ್ಟಿಸಿಕೊಂಡು ಬಂದಿಲ್ಲ. ಹಾಲ್ ಟಿಕೆಟ್ ತೋರಿಸಿ ಬಸ್ಸು ಹತ್ತಿ ಬಂದವಳು ನಾನು. ಹಾಗಾದರೆ ಏನು ಹೇಳುತ್ತಿದ್ದೇನೆ ಎಂದು ಕೇಳಬೇಡ.

ಅಮ್ಮ


ಸಾಗರ
22 ಡಿಸೆಂಬರ್ 2024

ಅಮ್ಮಾ,

ನಿನ್ನ ಕಾಗದ ಇಟ್ಟುಕೊಂಡು ನಾಲ್ಕೈದು ದಿನ ಸುಮ್ಮನಿದ್ದೆ. ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ ಇನ್ನೊಬ್ಬರ ಮಂಚದ ಹತ್ತಿರ ಒಯ್ದು, ಹೆಡ್ ಸಿಸ್ಟರ್ ನೋಡಿ ತಡೆದು ಬೈದರು. ಭಾನುವಾರ ಮನೆಗೆ ಹೋದೆ. ಅಪ್ಪ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಅಲ್ಲೇ ನಿಂತು ನೇರ ಕೇಳಿದೆ. ನಡೆದ ಮಾತನ್ನು ನಡೆದ ಹಾಗೇ ಬರೆಯುತ್ತೇನೆ.

"ಅಪ್ಪ, ನೀವು ಅಮ್ಮನ ಹತ್ರ ಮಾತು ಬಿಟ್ಟಿದ್ದು ಯಾಕೆ?"

"ಯಾರು ಬಿಟ್ಟಿದ್ದು?"

"ನೀವೇ. ಗ್ರಾಮಸಭೆ ಆದ್ಮೇಲೆ."

ಅಪ್ಪ ಕರೆಯುವುದನ್ನು ನಿಲ್ಲಿಸಿದರು. "ನಾನ್ ಬಿಟ್ಟಿದ್ದಲ್ಲ. ಅವತ್ತು ಬಂದವನೇ ಅಡಿಗೆಮನೆ ಬಾಗ್ಲಲ್ಲಿ ನಿಂತು ಕೇಳ್ದೆ, ಯಾಕೆ ಹಂಗಂದೆ ಅಂತ. ತಿರುಗಿ ನೋಡ್ಲಿಲ್ಲ. ಮಾರನೇ ದಿನ ಮತ್ತೆ ಕೇಳ್ದೆ. ಗೋಡೆ ಕೇಳ್ದಂಗೆ ಆತು. ಅವ್ಳಿಗೆ ಬ್ಯಾಡ ಅಂದ್ರೆ ನಂಗ್ಯಾಕೆ ಅಂತ ಸುಮ್ಮನಾದೆ."

"ಇಷ್ಟು ವರ್ಷ?"

"ಅವ್ಳು ಮಾತಾಡ್ತಾಳೆ ಅಂತ ಕಾಯ್ತಿದ್ದೆ" ಅಂದರು. ಹಸು ಕಾಲು ಝಾಡಿಸಿತು, ಪಾತ್ರೆ ಉರುಳಿತು. ಅಪ್ಪ ಅದನ್ನು ಎತ್ತಲೂ ಇಲ್ಲ. ಚೆಲ್ಲಿದ ಹಾಲು ನೋಡುತ್ತಾ ಕೂತಿದ್ದರು.

ಅಮ್ಮಾ, ನನಗೆ ತಲೆ ಕೆಟ್ಟುಹೋಗಿದೆ. ನಿನ್ನ ಕಾಗದ ಓದುವಾಗ ನೀನು ಹೇಳಿದ್ದೇ ನಿಜ. ಕೊಟ್ಟಿಗೆಯಲ್ಲಿ ನಿಂತಾಗ ಅಪ್ಪ ಹೇಳಿದ್ದೇ ನಿಜ. ಅಪ್ಪ ಸುಳ್ಳು ಹೇಳುವವರಲ್ಲ. ನೀನೂ ಅಲ್ಲ. ಹಾಗಾದರೆ ಯಾರು ಬಿಟ್ಟದ್ದು?

ಕಾಮಾಕುರದ ಕಥೆಯನ್ನೂ ಹೇಳಿದೆ. ಬಿಡುಗಡೆ ಎನ್ನುವ ಮಾತು ಬಂದಾಗ ಅಪ್ಪ ನನ್ನ ಮುಖ ನೋಡಿದರು. ಏನೋ ಕೇಳಲು ಹೊರಟವರು, "ಬಿಸಿನೀರು ಕಾದಿದೆಯಾ ನೋಡು" ಅಂದರು.

ಸುಪ್ರಿಯಾ


ಮೇಳಿಗೆ
2 ಜನವರಿ 2025

ಸುಪ್ರೀ,

ಅವರು ಕೇಳಿದ್ದು ನನಗೆ ನೆನಪಿಲ್ಲ.

ಈ ಒಂದು ಸಾಲು ಬರೆದು ಎರಡು ದಿನ ಪೆನ್ನು ಮುಟ್ಟಲಿಲ್ಲ. ಅಡಿಗೆಮನೆ ಬಾಗಿಲು, ಅವರು ನಿಂತದ್ದು, ನಾನು ತಿರುಗದೆ ಇದ್ದದ್ದು. ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮಿಕ್ಸಿ ಓಡುತ್ತಿತ್ತೇ? ಕೇಳಿಸಿಯೂ ಸುಮ್ಮನಿದ್ದೆನೇ? ಜನ ನಕ್ಕದ್ದಕ್ಕೆ ನನಗೂ ನಾಚಿಕೆಯಾಗಿತ್ತು, ಅದು ನೆನಪಿದೆ. ಮಿಕ್ಕದ್ದು ಇಲ್ಲ. ಅವರು ಸುಳ್ಳು ಹೇಳುವವರಲ್ಲ ಎನ್ನುವುದು ನನಗೂ ಗೊತ್ತು. ಇಷ್ಟು ದಿನ ಅವರು ಮಾತು ಬಿಟ್ಟರು ಎಂದು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈಗ ಅದೂ ಸಡಿಲವಾಯಿತು.

ಚಿಕ್ಕಮ್ಮನಿಗೆ ಹೇಳಿದೆ. ಅವಳು ಬೀಸಣಿಗೆ ಹೆಣೆಯುತ್ತಾ, "ಇಬ್ರೂ ಸೇರಿ ಆ ಕೂಸಿನ್ನ ಆಳು ಮಾಡ್ಕಂಡ್ರಲ್ಲೇ" ಎಂದಳು.

ಕಾಮಾಕುರದ ವಿಷಯ ಪೂರ್ತಿ ಬರೆದಿರಲಿಲ್ಲ. ಓಡಿಬಂದವರನ್ನೆಲ್ಲ ನೇರ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಬಾಗಿಲ ಎದುರಿಗೆ ಛತ್ರಗಳಿದ್ದವು. ಮೊದಲು ಅಲ್ಲಿ ಇಳಿಸಿ, ಗಂಡನ ಕಡೆಯವರಿಗೆ ಹೇಳಿಕಳಿಸಿ ಮಾತುಕತೆ ಆಡಿಸುತ್ತಿದ್ದರು. ಎಷ್ಟೋ ಜನರದ್ದು ಅಲ್ಲೇ ಇತ್ಯರ್ಥ. ಒಪ್ಪಿಕೊಂಡ ಕೆಲವರು ಮನೆಗೆ ವಾಪಸು ಹೋಗುತ್ತಿದ್ದರು. ಇಲ್ಲದಿದ್ದರೆ ಗಂಡ ಮೂರೂವರೆ ಸಾಲಿನ ಒಂದು ಓಲೆ ಬರೆದುಕೊಡುತ್ತಿದ್ದ: ಇನ್ನು ಇವಳಿಗೂ ನನಗೂ ಸಂಬಂಧವಿಲ್ಲ, ಇವಳು ಯಾರನ್ನು ಬೇಕಾದರೂ ಕೂಡಿಕೊಳ್ಳಬಹುದು ಎಂದು.

ನನಗೆ ಯಾರನ್ನೂ ಕೂಡಿಕೊಳ್ಳಬೇಕಾಗಿಲ್ಲ. ಬಿಡುಗಡೆ ಬೇಕೇ ಎಂದರೆ ಅದೂ ಗೊತ್ತಿಲ್ಲ. ಮನೆಗೆ ಬರಬೇಕೇ ಎಂದರೆ ಅದೂ ಗೊತ್ತಿಲ್ಲ. ಒಂದೇ ಗೊತ್ತಿರುವುದು: ಬಾ ಎನ್ನುವುದಾಗಲಿ, ಹೋಗು ಎನ್ನುವುದಾಗಲಿ ಅವರ ಬಾಯಿಂದ ನನ್ನ ಕಿವಿಗೆ ಬೀಳಬೇಕು. ಇದನ್ನು ಅವರಿಗೆ ಹೇಳು. ಇದೇ ಕೊನೆ, ಇನ್ನು ನಿನ್ನ ಕೈಯಲ್ಲಿ ಹೇಳಿಸುವುದಿಲ್ಲ.

ಅಮ್ಮ


ಸಾಗರ
11 ಜನವರಿ 2025

ಅಮ್ಮಾ,

ಹೇಳಿದೆ. ಅಪ್ಪ "ಮೇಳಿಗೆಗೆ ಯಾವ ಬಸ್ಸು" ಎಂದು ಮಾತ್ರ ಕೇಳಿದರು. ತೀರ್ಥಹಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು ಎಂದೆ. ನಾನೂ ಬರುತ್ತೇನೆ ಅಂದದ್ದಕ್ಕೆ ಬೇಡ ಅಂದರು.

ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬಂದರೆ ಒಳ್ಳೆಯದೋ ಕೆಟ್ಟದ್ದೋ ಅದೂ ನನಗೆ ಗೊತ್ತಿಲ್ಲ.

ಸುಪ್ರಿಯಾ


ಮೇಳಿಗೆ
27 ಜನವರಿ 2025

ಸುಪ್ರೀ,

ನಿನ್ನ ಅಪ್ಪ ಬಂದಿದ್ದರು.

ಮದುವೆಮನೆಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು ಬಂದು ಜಗಲಿಯ ತುದಿಯಲ್ಲಿ ಕೂತರು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನನ್ನ ಸ್ವೆಟರ್ ತಂದಿದ್ದರು. ಅದನ್ನು ಚಿಕ್ಕಮ್ಮನ ಕೈಗೆ ಕೊಟ್ಟು, "ಥಂಡಿ ಜಾಸ್ತಿ ಆಗ್ಯದೆ, ಹಾಕ್ಕಳಕ್ಕೆ ಹೇಳಿ" ಎಂದರು. ನಾನು ಅವರಿಂದ ಎರಡು ಮಾರು ದೂರದಲ್ಲಿ ಕಂಬಕ್ಕೆ ಒರಗಿ ಕೂತಿದ್ದೇನೆ!

ಚಿಕ್ಕಮ್ಮ ಕೊಟ್ಟೆಯನ್ನು ಅವರ ಪಕ್ಕದಲ್ಲೇ ವಾಪಸು ಇಟ್ಟಳು. "ನಾ ಎಂಥಕ್ಕೆ ಹೇಳ್ಲಿ ರಾಮಚಂದ್ರಪ್ಪ? ಅವ್ಳೇನು ಜಪಾನಿಗೆ ಹೋಗ್ಯಾಳಾ? ಇಲ್ಲೇ ಕೂತಾಳಲ್ಲ" ಎಂದವಳೇ ಚಹ ಇಡುತ್ತೇನೆ ಎಂದು ಒಳಗೆ ಹೋಗಿಬಿಟ್ಟಳು. ಎಷ್ಟು ಹೊತ್ತಾದರೂ ಚಹ ಬರಲಿಲ್ಲ. ಬೇಕೆಂದೇ.

ಅವರು ರಸ್ತೆ ನೋಡುತ್ತಿದ್ದರು. ನಾನು ಅವರ ಚಪ್ಪಲಿ ನೋಡುತ್ತಿದ್ದೆ. ಕೂದಲು ಎಷ್ಟು ಬೆಳ್ಳಗಾಗಿದೆ ಎಂದು ಅವತ್ತೇ ಕಂಡಿತು. ಗ್ರಾಮಸಭೆಯ ಮಾತು ತೆಗೆಯೋಣ ಎಂದುಕೊಂಡೆ, ಬಾಯಿ ಬರಲಿಲ್ಲ.

ಆಮೇಲೆ ಅವರೇ ಕೇಳಿದರು: "ಆ ಜಪಾನ್ ದೇಶದಾಗೆ ಭತ್ತ ಬೆಳೀತಾರಾ?"

ಯಾರನ್ನು ಕೇಳಿದರೋ ಒಂದು ಕ್ಷಣ ತಿಳಿಯಲಿಲ್ಲ. ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ, ನಾಯಿಯೂ ಇರಲಿಲ್ಲ.

"ಬೆಳೀತಾರೆ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಆಗಿನ ಕಾಲದಲ್ಲಿ ಬೆಳೆದೋರಿಗೆ ಉಣ್ಣಕ್ಕೆ ಸಿಗ್ತಿರ್ಲಿಲ್ಲ. ಒಡೆಯರಿಗೆ ಹೋಗ್ತಿತ್ತು."

"ನಮ್ಮವ್ವನೂ ಹಂಗೇ ಹೇಳ್ತಿದ್ಲು" ಎಂದರು. ಸ್ವಲ್ಪ ತಡೆದು, "ಅವ್ಳು ಭತ್ತ ಹೊತ್ಕಂಡು ಹೋದ್ರೆ ಅಂಗಳದಾಗೆ ನಿಂತ್ಕಣದು. ಒಡೇರು ಅವ್ಳ ಹತ್ರ ಮಾತಾಡ್ತಿರ್ಲಿಲ್ಲ. ಆಳಿಗೆ ಹೇಳೋರು, ಆಳು ಇವ್ಳಿಗೆ ಹೇಳೋನು" ಎಂದರು.

ಹೇಳಿ ಮುಗಿಸಿದವರು ಹಾಗೇ ಕೂತುಬಿಟ್ಟರು. ಅವರ ಮುಖ ನೋಡಬಾರದಿತ್ತು, ನೋಡಿದೆ. ಸ್ವೆಟರ್ ತೆಗೆದುಕೊಂಡು ಹಾಕಿಕೊಂಡೆ. ಮಧ್ಯಾಹ್ನದ ಬಿಸಿಲಿತ್ತು, ಥಂಡಿಯೇನೂ ಇರಲಿಲ್ಲ.

ಬಾ ಎನ್ನಲಿಲ್ಲ. ಹೋಗು ಎನ್ನಲಿಲ್ಲ. ಎದ್ದು ನಿಂತು, "ಬರ್ತೀನಿ" ಎಂದರು. ಇದನ್ನು ನನಗೇ ಹೇಳಿದರು, ನನ್ನ ಕಡೆ ನೋಡಿ.

ಇದನ್ನು ಏನೆಂದು ತಿಳಿಯಬೇಕು? ಚಿಕ್ಕಮ್ಮ ಎಲ್ಲ ಸರಿಹೋಯ್ತು ಎನ್ನುತ್ತಾಳೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲ ಕೆಟ್ಟಿತು ಎಂದೂ ಅನ್ನಿಸುವುದಿಲ್ಲ. ತೀರ್ಥಹಳ್ಳಿಯಲ್ಲಿ ಹುಡುಗಿಯರ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸ ಇದೆ, ಊಟ, ಕೋಣೆ ಅವರದೇ. ಒಂದನೇ ತಾರೀಕಿಗೆ ಸೇರುತ್ತೇನೆ, ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ಮನೆಗೆ ಈಗ ಬರುವುದಿಲ್ಲ. ಮುಂದೆ ಏನೋ.

ನೀನು ಮಾತ್ರ ಇನ್ನು ಅವರ ಮಾತು ನನಗೆ ತರಬೇಡ, ನನ್ನದು ಅವರಿಗೆ ಒಯ್ಯಬೇಡ. ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಅಪ್ಪ ಅಂದದ್ದಿದೆ, ನಾನು ಕೇಳಿದ್ದಕ್ಕೆ ಉತ್ತರವಿದೆ. ನೀನು ಹೇಗಿದ್ದೀ ಎಂದು ಎಲ್ಲೂ ಇಲ್ಲ. ನಾನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ನಿನ್ನ ವಿಷಯ ಬರಿ.

ಅಮ್ಮ


ಸಾಗರ
16 ಫೆಬ್ರವರಿ 2025

ಅಮ್ಮಾ,

ನನ್ನ ವಿಷಯ ಬರೆಯಬೇಕೆಂದು ಕೂತು ಮೂರು ಹಾಳೆ ಹರಿದೆ. ಚೆನ್ನಾಗಿದ್ದೇನೆ ಎಂದು ಬರೆದರೆ ಮುಗಿದೇ ಹೋಗುತ್ತದೆ. ಆಮೇಲೆ?

ಮೊದಲು ಒಂದು ಸುದ್ದಿ. ಮಾತು ಒಯ್ಯುತ್ತಿಲ್ಲ, ಕಂಡದ್ದು ಹೇಳುತ್ತಿದ್ದೇನೆ ಅಷ್ಟೇ. ಅಪ್ಪ ಪೋಸ್ಟಾಫೀಸಿನಿಂದ ಇನ್‌ಲ್ಯಾಂಡ್ ತಂದು, "ನೀನೇ ಬರ್ದುಬಿಡು, ನಾನು ಹೇಳ್ತೀನಿ" ಅಂದರು. ನಾನು ಆಗಲ್ಲ ಅಂದೆ. ಅಪ್ಪನಿಗೆ ಆಗಲ್ಲ ಅಂದದ್ದು ಇದೇ ಮೊದಲು. ಪೆನ್ನು ಕೊಟ್ಟು ಹಾಸ್ಟೆಲಿನ ವಿಳಾಸ ಬರೆದಿಟ್ಟು ಬಂದೆ. ಬರೆದರೋ ಇಲ್ಲವೋ ನಿನಗೇ ಗೊತ್ತಿರಬೇಕು. ನನಗೆ ಹೇಳಬೇಡ.

ಇನ್ನು ನನ್ನದು. ಆಸ್ಪತ್ರೆಯ ಲ್ಯಾಬಿನಲ್ಲಿ ಕಿರಣ್ ಎಂದೊಬ್ಬರಿದ್ದಾರೆ, ಕೋಣಂದೂರಿನ ಕಡೆಯವರು. ದೀಪಾವಳಿಗೆ ಮೊದಲೇ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದರು. ಅಪ್ಪನ್ನ ಕೇಳಿ ಎಂದೆ. ಹಾಗಂದು ವಾರ್ಡಿಗೆ ಬಂದು ಕೆಲಸ ಮಾಡುತ್ತಾ ಇದ್ದೆ. ಆಮೇಲೆ ನಿಮ್ಮ ಗಲಾಟೆಯಲ್ಲಿ ಈ ವಿಷಯ ಯಾರಿಗೂ ಹೇಳಲೇ ಇಲ್ಲ. ಅವರು ಮನೆಗೆ ಯಾವಾಗ ಬರಲಿ ಎಂದು ಕೇಳುತ್ತಲೇ ಇದ್ದರು, ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ನಿನ್ನ ಕಾಗದ ಬಂದ ಮೇಲೆ ಒಂದು ಮಧ್ಯಾಹ್ನ ಲ್ಯಾಬಿಗೆ ಹೋದೆ. ಅವರು ಸ್ಯಾಂಪಲ್ ಬಾಟಲಿಗೆ ಲೇಬಲ್ ಅಂಟಿಸುತ್ತಿದ್ದರು. "ಅಪ್ಪನ್ನ ಕೇಳೋದು ಆಮೇಲಾಯ್ತು. ಮೊದ್ಲು ನನ್ನ ಕೇಳಿ" ಎಂದೆ.

ಅವರಿಗೆ ಗಾಬರಿ. "ಕೇಳಿದ್ದೆನಲ್ಲ?"

"ಇನ್ನೊಂದ್ಸಲ ಕೇಳಿ."

ಬಾಟಲಿ ಕೆಳಗಿಟ್ಟು ಕೇಳಿದರು. ಅಮ್ಮಾ, ಹೂಂ ಅನ್ನಬೇಕೆಂದೇ ಹೋಗಿದ್ದೆ. ಬಾಯಿ ತೆರೆದರೆ ಬಂದದ್ದು "ನಂಗೆ ಇನ್ನೂ ಗೊತ್ತಿಲ್ಲ" ಎಂದು. ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. "ಗೊತ್ತಾದಾಗ ಹೇಳಿ" ಎಂದು ಮತ್ತೆ ಲೇಬಲ್ ಅಂಟಿಸಲು ಶುರುಮಾಡಿದರು. ಒಂದನ್ನು ತಲೆಕೆಳಗಾಗಿ ಅಂಟಿಸಿದರು, ನಾನು ತೋರಿಸಿದ ಮೇಲೆ ಕಿತ್ತರು.

ಮೆಟ್ಟಿಲು ಇಳಿಯುವಾಗ ನನಗೆ ಅಳು ಬಂತು. ಯಾಕೆ ಎಂದು ಕೇಳಿದರೆ ಹೇಳಲಾರೆ. ದುಃಖವಂತೂ ಅಲ್ಲ.

ಮುಂದಿನ ಭಾನುವಾರ ರಜೆ ಇದೆ. ತೀರ್ಥಹಳ್ಳಿಗೆ ಬರುತ್ತೇನೆ. ಯಾರೂ ಏನೂ ಹೇಳಿಕಳಿಸಿಲ್ಲ, ನಾನಾಗಿ ಬರುತ್ತಿರುವುದು. ಹೊಳೆಯ ಹತ್ತಿರ ಕೂತು ಕಿರಣ್ ಎಂಥವರು ಎಂದು ಹೇಳುತ್ತೇನೆ. ನೀನು ಕೇಳಿಸಿಕೋ, ಆಯಿತಾ?

ನಿನ್ನ
ಸುಪ್ರಿ